ಬೇಲಿ ಹಾಕಿಸುವ ಮುನ್ನ

ಕೇಳುಗರಿಗೆ ನಮಸ್ಕಾರ. ಕೈತೋಟಕ್ಕೆ ಬೇಲಿ ಹಾಕಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ಅಡಿಗೆ ಎಷ್ಟು ಬೀಳುತ್ತದೆ ಎಂಬುದು. ಇದಕ್ಕೆ ನೆಚ್ಚಬಹುದಾದ ಉತ್ತರ ಸಿಗಬೇಕಾದರೆ ನಾವೇ ಮುಂಚಿತವಾಗಿ ತೀರ್ಮಾನಿಸಬೇಕಾದ ಸಂಗತಿಗಳು ಕೆಲವಿವೆ. ಅವುಗಳಲ್ಲಿ ಮುಖ್ಯವಾದವು ಕೆಲಸ ಮುಗಿದ ಮೇಲೆ ಕಣ್ಣಿಗೆ ಕಾಣದೆ ಮಣ್ಣಿನೊಳಗೆ ಸೇರಿಹೋಗುವಂಥವು.

ಮೊದಲು ಗಡಿಯ ವಿಚಾರ. ಹಳೆಯ ಗಿಡಸಾಲನ್ನೋ ವಾಲಿದ ಕಂಬವನ್ನೋ ಗಡಿಯೆಂದು ನಂಬಿ ದಾರ ಹಿಡಿಯುವುದು ಬೇಡ. ದಾಖಲೆಯ ನಕ್ಷೆಯಂತೆ ಅಳತೆ ಮಾಡಿಸಿ, ಪಕ್ಕದ ಜಾಗದವರನ್ನು ಕರೆದು ಅವರೆದುರಿಗೇ ಗೂಟ ಹೊಡೆಸಿದರೆ ಮುಂದೆ ಹುಟ್ಟಬಹುದಾದ ಎಷ್ಟೋ ತಕರಾರುಗಳು ಅಲ್ಲಿಗೇ ನಿಲ್ಲುತ್ತವೆ. ಬೇಲಿಯ ಎತ್ತರಕ್ಕೆ ಸ್ಥಳೀಯ ಆಡಳಿತದ ಮಿತಿಯೇನಾದರೂ ಇದೆಯೇ ಎಂದು ವಿಚಾರಿಸಿ. ನೀರಿನ ಪೈಪು, ವಿದ್ಯುತ್ ಕೇಬಲ್ಲು ಹಾಗೂ ಒಳಚರಂಡಿ ಎಲ್ಲಿ ಹಾದುಹೋಗಿವೆ ಎಂಬುದನ್ನು ಗುಂಡಿ ತೋಡುವ ಮೊದಲೇ ಗುರುತು ಮಾಡಿಸಿ.

ಬೇಲಿ ಯಾವುದಕ್ಕೆ ಎಂಬುದೂ ಸ್ಪಷ್ಟವಿರಬೇಕು. ದನ, ನಾಯಿಗಳನ್ನು ತಡೆಯಲು ಚೈನ್‌ಲಿಂಕ್ ಜಾಲರಿ, ಅಂದರೆ ತಂತಿಗಳನ್ನು ಒಂದಕ್ಕೊಂದು ಹೆಣೆದ ಬಲೆ, ಸಾಕು. ದಾರಿಹೋಕರ ಕಣ್ಣು ತಪ್ಪಿಸಲು ಹಲಗೆಯೋ ಶೀಟೋ ಬೇಕು. ಆದರೆ ಹೀಗೆ ಮುಚ್ಚಿದ ಬೇಲಿ ಬೀಸುವ ಗಾಳಿಯ ಹೊಡೆತವನ್ನೆಲ್ಲ ತಾನೇ ತಾಳಬೇಕಾದ್ದರಿಂದ ಅದರ ಕಂಬಗಳು ಹೆಚ್ಚು ಹತ್ತಿರವಾಗಿಯೂ ಗಟ್ಟಿಯಾಗಿಯೂ ಇರಬೇಕಾಗುತ್ತದೆ. ಜಾಲರಿ ಕೊಳ್ಳುವಾಗ, ತಂತಿಯ ದಪ್ಪವನ್ನು ಸೂಚಿಸುವ ಗೇಜ್ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ: ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣದು. ಬ್ರಿಟಿಷ್ ಮಾಪನದಲ್ಲಿ 10 ಗೇಜ್ ತಂತಿಯ ದಪ್ಪ 3.25 ಮಿಲಿಮೀಟರ್ ಇದ್ದರೆ, 14 ಗೇಜಿನದು ಸುಮಾರು 2 ಮಿಲಿಮೀಟರ್ ಮಾತ್ರ. ಮಾಪನಗಳೂ ಒಂದಕ್ಕಿಂತ ಹೆಚ್ಚಿರುವುದರಿಂದ ದರಪಟ್ಟಿಯಲ್ಲಿ ಮಿಲಿಮೀಟರಿನಲ್ಲೇ ಬರೆಸಿಕೊಳ್ಳುವುದು ಕ್ಷೇಮ.

ನನ್ನ ಅಭಿಪ್ರಾಯದಲ್ಲಿ, ಬೇಲಿಯ ಆಯುಸ್ಸು ನಿರ್ಧಾರವಾಗುವುದು ಗುಂಡಿಯಲ್ಲಿ. ಕಂಬದ ಒಟ್ಟು ಉದ್ದದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ನೆಲದೊಳಗಿರಬೇಕು ಎಂಬುದು ರೂಢಿಯ ಲೆಕ್ಕ. ನೆಲದ ಮೇಲೆ 5 ಅಡಿ ಬೇಕಿದ್ದರೆ 7 ಅಡಿಯ ಕಂಬ ತಂದು 2 ಅಡಿ ಹೂಳಬೇಕು. ಮಣ್ಣು ಸಡಿಲವಿದ್ದಲ್ಲಿ ಇನ್ನೂ ಆಳಕ್ಕೆ ಹೋಗಬೇಕು. ಜಾಲರಿಯನ್ನು ಎಳೆದು ಬಿಗಿದಾಗ ಆ ಎಳೆತವೆಲ್ಲ ಮೂಲೆಯ ಕಂಬಗಳ ಮೇಲೆ ಬೀಳುವುದರಿಂದ, ಅವುಗಳಿಗೆ ಎರಡೂ ಬದಿಯಲ್ಲಿ ಓರೆಯಾಗಿ ಆಸರೆಗಂಬ ಕೊಡಲೇಬೇಕು. ಬೆಳಿಗ್ಗೆ ಕಾಂಕ್ರೀಟು ಸುರಿದು ಸಂಜೆಗೇ ಜಾಲರಿ ಎಳೆಯುವ ಆತುರ ಕೆಲವರಿಗಿರುತ್ತದೆ. ಕೂಲಿಯ ಒಂದು ದಿನ ಉಳಿಯುತ್ತದೆ, ಕಂಬ ಮಾತ್ರ ಒಳಕ್ಕೆ ವಾಲುತ್ತದೆ. ಕಾಂಕ್ರೀಟಿಗೆ ಕೆಲವು ದಿನ ನೀರುಣಿಸಿ, ಅದು ಗಟ್ಟಿಯಾದ ಮೇಲೆ ಎಳೆಯುವುದೇ ಸರಿ. ಕಂಬದ ಬುಡದ ಕಾಂಕ್ರೀಟನ್ನು ನೆಲಕ್ಕಿಂತ ತುಸು ಎತ್ತರಿಸಿ, ಸುತ್ತಲೂ ಇಳಿಜಾರಾಗಿ ಕರಣೆಯಿಂದ ಸವರಿಸಿದರೆ ನೀರು ಹರಿದುಹೋಗುತ್ತದೆ. ಹಾಗೆ ಮಾಡದಿದ್ದರೆ ಕಬ್ಬಿಣದ ಕಂಬ ನೀರು ನಿಲ್ಲುವ ಆ ಜಾಗದಲ್ಲೇ ಮೊದಲು ತುಕ್ಕು ಹಿಡಿಯುತ್ತದೆ.

ಇಷ್ಟನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅದನ್ನೇ ಇಬ್ಬರು ಮೂವರು ಗುತ್ತಿಗೆದಾರರ ಕೈಗಿತ್ತು, ಜಾಗ ನೋಡಿದ ಮೇಲೆಯೇ ದರ ಹೇಳಿರೆಂದು ಕೇಳಿ. ಒಬ್ಬರು 2 ಅಡಿ ಗುಂಡಿಗೂ ಇನ್ನೊಬ್ಬರು 1 ಅಡಿ ಗುಂಡಿಗೂ ಲೆಕ್ಕ ಹಾಕಿದ್ದರೆ ಆ ಎರಡು ದರಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಗೇಟು, ಆಸರೆಗಂಬ, ಹಳೆಯ ಬೇಲಿ ಕೀಳುವ ಕೆಲಸ, ತೋಡಿದ ಮಣ್ಣಿನ ಸಾಗಣೆ ಇವೆಲ್ಲ ರನ್ನಿಂಗ್ ಫೂಟ್ ದರದೊಳಗೇ, ಅಂದರೆ ಬೇಲಿಯ ಉದ್ದದ ಪ್ರತಿ ಅಡಿಗೆ ಹೇಳಿದ ದರದೊಳಗೇ, ಸೇರಿವೆಯೇ, ಇಲ್ಲವೇ ಬೇರೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅವರು ಮೂರು ನಾಲ್ಕು ವರ್ಷಗಳ ಹಿಂದೆ ಹಾಕಿದ ಬೇಲಿಯೊಂದನ್ನು ತೋರಿಸುವಂತೆ ಕೇಳಿ. ಹೊಸ ಬೇಲಿ ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಗೆ ಹೋದಾಗ ಮೂಲೆಯ ಕಂಬ ನೆಟ್ಟಗಿದೆಯೇ, ಗೇಟು ಜೋತುಬಿದ್ದು ನೆಲಕ್ಕೆ ಉಜ್ಜುತ್ತಿದೆಯೇ ಎಂಬೆರಡನ್ನು ನೋಡಿದರೆ ಸಾಕು.

ಹಣವನ್ನು ಕಂತುಗಳಲ್ಲಿ ಕೊಡಿ: ಸಾಮಾನು ಬಂದಾಗ ಒಂದು ಪಾಲು, ಕಂಬ ನಿಂತಾಗ ಇನ್ನೊಂದು. ಕಾಂಕ್ರೀಟು ಹಾಕುವ ಮುಂಚೆ ಗುಂಡಿಗಳ ಆಳವನ್ನು ಟೇಪು ಹಿಡಿದು ನೀವೇ ಅಳೆಯಿರಿ. ಮುಚ್ಚಿದ ಮೇಲೆ ಅದನ್ನು ಯಾರೂ ತೋರಿಸಲಾರರು. ಕೊನೆಯ ಕಂತನ್ನು, ಪ್ರತಿ ಕಂಬವನ್ನೂ ಕೈಯಿಂದ ಅಲುಗಾಡಿಸಿ, ಗೇಟನ್ನು ಪೂರ್ತಿ ತೆರೆದು ಮುಚ್ಚಿ ನೋಡಿದ ನಂತರವೇ ಕೊಡಿ. ನಮಸ್ಕಾರ.