ತ್ರಿಕೋನದ ಹಿಂದೆ ಮಾಡು ಇರಲಿ

ಕೇಳುಗರಿಗೆ ನಮಸ್ಕಾರ.

ಹೋದ ಮಳೆಗಾಲದಲ್ಲಿ ಹೊಸನಗರದ ಹತ್ತಿರ ನನ್ನ ಭಾವನ ಹೊಸ ಮನೆಗೆ ಹೋಗಿದ್ದೆ. ಎದುರಿಗೆ ಎರಡು ಅಂತಸ್ತಿನ ಎತ್ತರಕ್ಕೆ ನಾಲ್ಕು ಗುಂಡು ಕಂಬ. ಅವುಗಳ ಮೇಲೆ ದೊಡ್ಡ ತ್ರಿಕೋನ. ಅದರ ಹಿಂದೆ ಚಪ್ಪಟೆ ತಾರಸಿ. ತಾರಸಿ ಸೋರುತ್ತದೆ ಅಂತ ಮೇಲೆ ಶೀಟು ಹೊದಿಸಿದ್ದಾರೆ. ಸಿಮೆಂಟಿನ ಹೂಬಳ್ಳಿಗೆಲ್ಲ ಪಾಚಿ ಹಿಡಿದಿತ್ತು. "ಯುರೋಪಿನ ಬಂಗಲೆ ಥರ ಇರ್ಲಿ ಅಂತ ಆಸೆಪಟ್ಟೆ ಮಾರಾಯ" ಅಂದರು ಭಾವ.

ಆ ಆಸೆ ತಪ್ಪಲ್ಲ. ಮನೆಗಳ ನಕ್ಷೆ ಬರೆಯುವ ನನಗೂ ಆ ಕಂಬಗಳೆಂದರೆ ಬಹಳ ಇಷ್ಟ. ಆದರೆ ಆ ತ್ರಿಕೋನ ಎಲ್ಲಿಂದ ಬಂತು ಅಂತ ನೋಡಬೇಕು. ಏಥೆನ್ಸಿನ ಪಾರ್ಥೆನಾನ್ ದೇಗುಲದ ಕೆಲಸ ಶುರುವಾದದ್ದು ಕ್ರಿ.ಪೂ. 447ರಲ್ಲಿ. ಅದರ ಮುಂದಿನ ತ್ರಿಕೋನ ಸುಮ್ನೆ ಅಂಟಿಸಿದ್ದಲ್ಲ. ಆ ಗುಡಿಗೆ ಎರಡು ಕಡೆ ಇಳಿಜಾರಿನ ಮಾಡು ಇತ್ತು, ಮೇಲೆ ಅಮೃತಶಿಲೆಯ ಹೆಂಚು ಇತ್ತು. ಆ ಮಾಡಿನ ತುದಿಯೇ ತ್ರಿಕೋನ! ಸೂರಿನ ಕೆಳಗೆ ಹಲ್ಲಿನ ಸಾಲಿನಂಥ ಕೆತ್ತನೆ ಮಾಡುತ್ತಾರಲ್ಲ, ಅದು ಹೊರಗೆ ಚಾಚಿದ ಪಕಾಸಿ, ಅಂದರೆ ಮಾಡು ಹೊರುವ ಓರೆ ಮರಗಳ, ತುದಿಗಳ ನಕಲು ಅಂತ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಅಂದರೆ ಮೊದಲು ಇದ್ದದ್ದು ಮರದ ಕಟ್ಟಡ. ಕಲ್ಲಿಗೆ ಬಂದದ್ದು ಆಮೇಲೆ. ತೀರ್ಥಹಳ್ಳಿ, ಸಾಗರದ ಹಳೇ ಮನೆಗಳಲ್ಲಿ ಆ ಪಕಾಸಿ, ಆ ತೊಲೆ ಇವತ್ತಿಗೂ ಮರದಲ್ಲೇ ಇವೆ.

ರೋಮನ್ನರ ಮನೆಯ ನಡುವೆ ಬಯಲು ಬಿಡುತ್ತಿದ್ದರು. ನಾಲ್ಕೂ ಮಾಡಿನ ನೀರು ಒಳಗಿನ ಕೊಳಕ್ಕೆ ಬೀಳುತ್ತಿತ್ತು. ನಮ್ಮ ತೊಟ್ಟಿ ಮನೆಯೂ ಹಾಗೇ ಅಲ್ವಾ?

ಕಂಬದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಜಾಸ್ತಿ ಜನ ಎಡವುವುದು ಇಲ್ಲೇ. ಗ್ರೀಕರ ಸಾದಾ ತಲೆಯ ಡೋರಿಕ್ ಕಂಬದ ಎತ್ತರ ಅದರ ದಪ್ಪದ 7 ಪಟ್ಟು, ತಲೆಯಲ್ಲಿ ಸುರುಳಿ ಇರುವ ಅಯೋನಿಕ್ ಆದರೆ 9 ಪಟ್ಟು ಅಂತ ವಿಟ್ರೂವಿಯಸ್ ಲೆಕ್ಕ ಕೊಡುತ್ತಾನೆ. ಭಾವನ ಮನೆಯ ಕಂಬ 20 ಅಡಿ ಎತ್ತರ, 1 ಅಡಿ ದಪ್ಪ. ಡೋರಿಕ್ ಲೆಕ್ಕಕ್ಕೆ ಸುಮಾರು 3 ಅಡಿ ದಪ್ಪ ಬೇಕಿತ್ತು. ಅದಕ್ಕೇ ಆ ಕಂಬ ಅಡಿಕೆ ಮರದ ಹಾಗೆ ಕಾಣುತ್ತದೆ. ಅದೇ ಜಗಲಿಗೆ 10 ಅಡಿ ಕಂಬ ಇಟ್ಟರೆ 17 ಇಂಚು ದಪ್ಪ ಸಾಕು. ಕಂಬದ ನಡುವಿನ ಜಾಗಕ್ಕೂ ಅವರಲ್ಲಿ ಲೆಕ್ಕ ಇದೆ. ನಮ್ಮ ಹಿರಿಯರೂ ಮನೆಯನ್ನು ಅಂಕಣದ, ಅಂದರೆ ಎರಡು ಕಂಬದ ನಡುವಿನ ಜಾಗದ, ಲೆಕ್ಕದಲ್ಲೇ ಅಳೆದವರು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ಇಂಥ ಊರಲ್ಲಿ ಗೋಡೆಗೆ ಅಂಟಿಸಿದ ಪ್ರತಿ ಸಿಮೆಂಟಿನ ಅಂಚೂ ನೀರು ನಿಲ್ಲುವ ಜಾಗ. ಬೇಕೇ ಬೇಕು ಅಂದರೆ ಅಂಚಿನ ಮೇಲ್ಭಾಗಕ್ಕೆ ಇಳಿಜಾರು ಕೊಡಿಸಿ. ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಹೊಡೆಸಿ, ನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಹೂಬಳ್ಳಿ ಬಿಟ್ಟು ಆ ದುಡ್ಡನ್ನು ಸೂರಿಗೆ ಹಾಕಿದರೆ ನನಗೆ ಇನ್ನೂ ಸಂತೋಷ. ಮೂರಡಿ ಸೂರು ಚಾಚಿದರೆ ಗೋಡೆಗೆ ಎರಚಲು ಎಷ್ಟೋ ಕಡಿಮೆಯಾಗುತ್ತದೆ.

ಭಾವ ಈಗ ಶೀಟು ತೆಗೆಸುತ್ತಿದ್ದಾರೆ. ಅದೇ ತ್ರಿಕೋನದ ಇಳಿಜಾರಿಗೆ ಸರಿಯಾಗಿ ಹಿಂದಕ್ಕೆ ಮಂಗಳೂರು ಹೆಂಚಿನ ಮಾಡು ಬರುತ್ತದೆ. ಪಕಾಸಿಗೆ ಮರ ಕೊಯ್ಸಿ ಆಗಿದೆ. ಮಳೆ ಹಿಡಿಯುವ ಮೊದಲು ಹೆಂಚು ಹೊದಿಸಬೇಕು.

ನಮಸ್ಕಾರ.