ಸಂತೆ ನಡೆಸುವವರ ಬೆನ್ನಿಗೆ ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ರೈತರು ಬೆಳೆದದ್ದನ್ನು ತಾವೇ ತಂದು ಮಾರುವ ಸಂತೆಗಳ ಬಗ್ಗೆ ನಾವು ಸಾಕಷ್ಟು ಮಾತಾಡುತ್ತೇವೆ. ನಡುವೆ ದಲ್ಲಾಳಿ ಇಲ್ಲ, ರೈತನಿಗೆ ನಾಲ್ಕು ಕಾಸು ಜಾಸ್ತಿ, ಕೊಳ್ಳುವವರಿಗೆ ತಾಜಾ ತರಕಾರಿ. ಎಲ್ಲ ನಿಜವೇ. ಆದರೆ ಆ ಸಂತೆಯನ್ನು ನಡೆಸುವವರು ಯಾರು, ಅವರ ಪಾಡೇನು ಅಂತ ಕೇಳುವವರು ಕಡಿಮೆ. ವಾರಾಂತ್ಯದ ಸಾವಯವ ಸಂತೆ ನಡೆಸುವ ಗೆಳೆಯರ ಜೊತೆ ನಾನೂ ಕೈಜೋಡಿಸುತ್ತಾ ಬಂದಿದ್ದೇನೆ. ಇವತ್ತಿನ ನನ್ನ ಮಾತು ಅಂಥವರ ಬಗ್ಗೆ.

ಸಂತೆ ಬೆಳಿಗ್ಗೆ ಎಂಟಕ್ಕೆ ಶುರು ಅಂದರೆ ನಡೆಸುವವರು ಕತ್ತಲಲ್ಲೇ ಅಲ್ಲಿರಬೇಕು. ಯಾರ ಮಳಿಗೆ ಎಲ್ಲಿ ಅಂತ ಸುಣ್ಣದಲ್ಲಿ ಗೆರೆ ಎಳೆಯಬೇಕು. ಟೊಮೆಟೊ ತರುವವರು ನಾಲ್ವರು, ಸೊಪ್ಪು ತರುವವರು ಒಬ್ಬರೂ ಇಲ್ಲ ಅನ್ನುವಂತೆ ಆಗಬಾರದು. ಅದಕ್ಕೆ ಮೂರು ದಿನ ಮುಂಚೆಯೇ ಫೋನ್ ಮಾಡಿ ಹೊಂದಿಸಿರಬೇಕು. ಅಷ್ಟೆಲ್ಲ ಹೊಂದಿಸಿದ ಮೇಲೂ ಬೆಳಿಗ್ಗೆ ಆರಕ್ಕೆ ಫೋನ್ ಬರುತ್ತದೆ. "ಅಕ್ಕಾ, ಟೆಂಪೋ ಕೆಟ್ಟು ನಿಂತಿದೆ. ಬರೋದು ಒಂಬತ್ತಾಗುತ್ತೆ. ಜಾಗ ಬೇರೆ ಯಾರಿಗೂ ಕೊಡಬೇಡಿ." ಅಷ್ಟರಲ್ಲಿ ಪಕ್ಕದ ಅಂಗಡಿಯವರು ಬಂದು, ನಮ್ಮ ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸಿದ್ದಾರೆ ಅನ್ನುತ್ತಾರೆ. ಇನ್ನೊಬ್ಬರು ಕಿವಿಯಲ್ಲಿ ಹೇಳುತ್ತಾರೆ, "ಆ ಕೊನೇ ಮಳಿಗೆಯವರು ತಂದಿರೋ ಕ್ಯಾರೆಟ್ ಅವರ ತೋಟದ್ದಲ್ಲ, ದೊಡ್ಡ ಮಾರ್ಕೆಟ್‌ನಿಂದ ತಂದದ್ದು." ಹೋಗಿ ಕೇಳಬೇಕು. ಕೇಳಿದರೆ ಜಗಳ, ಬಿಟ್ಟರೆ ಸಂತೆಯ ಹೆಸರು ಕೆಡುತ್ತದೆ. ಈ ಕೆಲಸಕ್ಕೆ ಸಂಬಳ ಇದ್ದರೆ ಸ್ವಲ್ಪ, ಬಹಳ ಕಡೆ ಅದೂ ಇಲ್ಲ.

ಇಂಥವರು ಕೈಬಿಟ್ಟರೆ ಏನಾಗುತ್ತದೆ? ಇದಕ್ಕೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸರಿಯಾದ ಲೆಕ್ಕ ಸಿಗುತ್ತದೆ. ಅಲ್ಲಿ 1998ರಿಂದ 2005ರವರೆಗೆ 62 ಹೊಸ ರೈತ ಸಂತೆಗಳು ಶುರುವಾದವು. ಅದೇ ಅವಧಿಯಲ್ಲಿ 32 ಸಂತೆಗಳು ಮುಚ್ಚಿದವು. ಹೊಸ ಸಂತೆ ಉದ್ಘಾಟನೆಯಾದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾರಿ ಲೆವ್, ಗ್ಯಾರಿ ಸ್ಟೀಫನ್‌ಸನ್ ಮತ್ತು ಅವರ ಜೊತೆಗಾರರು ಮುಚ್ಚಿದ ಸಂತೆಗಳ ಹಿಂದೆ ಬಿದ್ದು ಕಾರಣ ಹುಡುಕಿದರು. ಸಿಕ್ಕಿದ್ದು ಐದು ಕಾರಣ. ಸಂತೆ ತೀರಾ ಚಿಕ್ಕದು. ಮಾರಾಟಕ್ಕೆ ಬಗೆಬಗೆಯ ಪದಾರ್ಥ ಇಲ್ಲ. ನಡೆಸುವ ಖರ್ಚಿಗೆ ಸಾಕಾಗುವಷ್ಟು ಹಣ ಬರುವುದಿಲ್ಲ. ಮ್ಯಾನೇಜರ್‌ಗೆ ಸಂಬಳ ಇಲ್ಲ, ಇದ್ದರೂ ತೀರಾ ಕಡಿಮೆ. ಮ್ಯಾನೇಜರುಗಳು ಮೇಲಿಂದ ಮೇಲೆ ಬದಲಾಗುತ್ತಾರೆ.

ಇವು ಒಂದಕ್ಕೊಂದು ಗಂಟು ಬಿದ್ದಿವೆ, ನೋಡಿ. ಮಳಿಗೆ ಎಂಟೇ ಇದ್ದರೆ ಜಾಗದ ಸುಂಕ ಅಂತ ಬರುವುದು ಎಂಟೇ ಜನರಿಂದ. ಅಷ್ಟರಲ್ಲಿ ಸಂಬಳ ಕೊಡಲು ಆಗದು. ಸಂಬಳ ಇಲ್ಲದವರು ಎಷ್ಟು ದಿನ ಇರುತ್ತಾರೆ? ಒಂದು ಹಂಗಾಮು, ಹೆಚ್ಚೆಂದರೆ ಎರಡು. ಅವರು ಹೋದಾಗ ಒಬ್ಬ ಕೆಲಸಗಾರ ಹೋದ ಹಾಗಲ್ಲ. ಯಾವ ರೈತ ಯಾವ ತಿಂಗಳಲ್ಲಿ ಏನು ತರುತ್ತಾನೆ, ನಗರಸಭೆಯಲ್ಲಿ ಯಾವ ಮೇಜಿಗೆ ಹೋದರೆ ಕೆಲಸ ಆಗುತ್ತದೆ, ಮಳೆ ಬಂದರೆ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಇದೆಲ್ಲ ಅವರ ತಲೆಯಲ್ಲೇ ಇತ್ತು. ಅದೂ ಹೋಯಿತು. ಹೊಸಬರು ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕು. ಅವರು ಕಲಿಯುವಷ್ಟರಲ್ಲಿ ನಾಲ್ಕು ಜನ ರೈತರು ಬೇಸತ್ತು ಬೇರೆ ಕಡೆ ಹೋಗಿರುತ್ತಾರೆ.

ಇದೇ ಆರೆಗಾನ್‌ನಲ್ಲಿ ಹುಟ್ಟಿದ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿತು. ಒಂದು ಸಂತೆಯನ್ನು ನೋಡಲು ಬೇರೆ ಬೇರೆ ಊರಿನ ಸಂತೆ ಮ್ಯಾನೇಜರುಗಳು, ಮಳಿಗೆಯವರು ಒಂದು ತಂಡವಾಗಿ ಬರುತ್ತಾರೆ. ಅವರು ತಪಾಸಣೆಗೆ ಬಂದ ಸಾಹೇಬರಲ್ಲ, ಅದೇ ಕಷ್ಟ ಗೊತ್ತಿರುವವರು. ಒಂದು ದಿನ ಅಲ್ಲೇ ಇದ್ದು ಮೂರು ಕೆಲಸ ಮಾಡುತ್ತಾರೆ.

ಮೊದಲನೆಯದು, ಬಂದವರನ್ನು ಎಣಿಸುವುದು. ಪ್ರತಿ ಗಂಟೆಗೆ ಹತ್ತು ನಿಮಿಷ ಎಲ್ಲ ದಾರಿಗಳಲ್ಲೂ ನಿಂತು, ಒಳಗೆ ಬರುವ ದೊಡ್ಡವರನ್ನು ಎಣಿಸುತ್ತಾರೆ. ಅದನ್ನು ಆರರಿಂದ ಗುಣಿಸಿದರೆ ಆ ಗಂಟೆಯ ಲೆಕ್ಕ ಸಿಕ್ಕಿತು. ಎರಡನೆಯದು ಸ್ಟಿಕರ್ ಸಮೀಕ್ಷೆ. ಸ್ಟ್ಯಾಂಡಿನ ಮೇಲೆ ದೊಡ್ಡ ಹಾಳೆಗಳನ್ನು ನಿಲ್ಲಿಸುತ್ತಾರೆ. ಒಂದೊಂದು ಹಾಳೆಯಲ್ಲಿ ಒಂದೊಂದು ಪ್ರಶ್ನೆ. ಇವತ್ತು ಎಷ್ಟು ಖರ್ಚು ಮಾಡಿದಿರಿ? ಎಷ್ಟು ದಿನಕ್ಕೊಮ್ಮೆ ಬರುತ್ತೀರಿ? ಇದೇ ಓಣಿಯ ಬೇರೆ ಅಂಗಡಿಗೂ ಹೋಗುತ್ತೀರಾ? ಕೆಳಗೆ ಉತ್ತರಗಳಿಗೆ ಮನೆ ಮಾಡಿರುತ್ತಾರೆ. ಬಂದವರ ಕೈಗೆ ಹಣೆಗಿಡುವ ಸ್ಟಿಕರ್ ಬಿಂದಿಯಂಥ ಬಣ್ಣದ ಚುಕ್ಕಿಗಳ ಪಟ್ಟಿ ಕೊಡುತ್ತಾರೆ. ತಮ್ಮ ಉತ್ತರದ ಮನೆಯಲ್ಲಿ ಒಂದು ಚುಕ್ಕಿ ಅಂಟಿಸಿದರಾಯಿತು. ಫಾರಂ ತುಂಬುವುದು ಬೇಡ, ಹೆಸರು ಬೇಡ. ಬೇರೆಯವರು ಎಲ್ಲಿ ಅಂಟಿಸಿದ್ದಾರೆ ಅಂತಲೂ ಕಾಣುತ್ತದೆ, ಹಾಗಾಗಿ ಜನ ನಿಂತು ಮಾತಾಡುತ್ತಾರೆ. ಫಾರಂ ಕೊಟ್ಟರೆ "ಅರ್ಜೆಂಟ್ ಇದೆ" ಅಂತ ಹೋಗುವವರೂ ಚುಕ್ಕಿ ಅಂಟಿಸಲು ನಿಲ್ಲುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಂಡದವರು ಸುತ್ತಾಡಿ ತಮಗೆ ಕಂಡದ್ದನ್ನು ಬರೆದುಕೊಡುತ್ತಾರೆ. ಜಾಗ ಹೇಗಿದೆ, ಮಳಿಗೆಗಳಲ್ಲಿ ಏನಿದೆ, ಒಟ್ಟಾರೆ ವಾತಾವರಣ ಹೇಗಿದೆ. ಬೋರ್ಡು ರಸ್ತೆಯಿಂದ ಕಾಣುವುದಿಲ್ಲ, ಬೆಲೆ ಬರೆದಿಲ್ಲ, ವಯಸ್ಸಾದವರಿಗೆ ಕೂರಲು ಜಾಗ ಇಲ್ಲ, ಈ ತರಹದ ಮಾತುಗಳು. ದಿನಾ ಅಲ್ಲೇ ಇರುವವರ ಕಣ್ಣಿಗೆ ಇವು ಬೀಳುವುದಿಲ್ಲ. ಹೊರಗಿನ ಅಧಿಕಾರಿ ಹೇಳಿದರೆ ಸಿಟ್ಟು ಬರುತ್ತದೆ. ಇನ್ನೊಂದು ಸಂತೆ ನಡೆಸುವವರು ಹೇಳಿದರೆ ತಲೆಗೆ ಹೋಗುತ್ತದೆ. ನೋಡಲು ಬಂದವರೂ ಬರಿಗೈಯಲ್ಲಿ ಹೋಗುವುದಿಲ್ಲ, ತಮ್ಮ ಸಂತೆಯಲ್ಲಿ ಏನು ಮಾಡಬಹುದು ಅಂತ ಯೋಚನೆ ಹೊತ್ತು ಹೋಗುತ್ತಾರೆ.

ಒಬ್ಬೊಬ್ಬರೇ ಕಲಿಯುತ್ತಾ ಕೂರಲು ಆಗದ ವಿಷಯಗಳೂ ಇವೆ. 2003ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ರಸ್ತೆ ಮುಚ್ಚಿ ನಡೆಯುತ್ತಿದ್ದ ರೈತ ಸಂತೆಯೊಳಗೆ ಕಾರೊಂದು ನುಗ್ಗಿತು. ಹತ್ತು ಜನ ಸತ್ತರು, ಅರವತ್ತಕ್ಕಿಂತ ಜಾಸ್ತಿ ಜನಕ್ಕೆ ಪೆಟ್ಟಾಯಿತು. ರಸ್ತೆಗೆ ಅಡ್ಡ ಇದ್ದದ್ದು ಹಗುರವಾದ ತಡೆ ಮತ್ತು ಸೂಚನಾ ಫಲಕ. ಕಾರನ್ನು ನಿಜವಾಗಿ ನಿಲ್ಲಿಸಬಲ್ಲ ಗಟ್ಟಿ ತಡೆ ಇರಲಿಲ್ಲ ಅಂತ ತನಿಖೆಯಲ್ಲಿ ಹೇಳಿದರು. ಇಂಥ ಪಾಠವನ್ನು ಪ್ರತಿ ಸಂತೆಯೂ ತಾನೇ ಕಲಿಯಬೇಕು ಅಂದರೆ ಹೇಗೆ? ಒಂದು ಕಡೆ ನಡೆದದ್ದು ನೂರು ಕಡೆಗೆ ತಲುಪಬೇಕು. ತಲುಪಿಸಲು ಈ ಜನರ ನಡುವೆ ಸಂಪರ್ಕ ಇರಬೇಕು.

ಇನ್ನೊಂದು ಸಂಗತಿ ಹೇಳುತ್ತೇನೆ. ಅಮೆರಿಕದಲ್ಲಿ ಬಡವರಿಗೆ ಸರ್ಕಾರ ಕೊಡುವ ಆಹಾರದ ನೆರವು ಮೊದಲು ಕಾಗದದ ಕೂಪನ್ ಆಗಿತ್ತು. ರೈತನೂ ಅದನ್ನು ನೋಟಿನ ಹಾಗೆ ಕೈಯಲ್ಲಿ ಈಸಿಕೊಳ್ಳಬಹುದಿತ್ತು. 2004ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಕಾರ್ಡ್ ಬಂತು. ಕಾರ್ಡಿಗೆ ಮೆಷಿನ್ ಬೇಕು, ಬಯಲಲ್ಲಿ ಮಳಿಗೆ ಹಾಕಿದ ರೈತ ಎಲ್ಲಿಂದ ತರಬೇಕು? ಆಗ ಮ್ಯಾನೇಜರುಗಳು ಒಂದು ದಾರಿ ಕಂಡುಕೊಂಡರು. ಮೆಷಿನ್ ಒಂದೇ, ಅದು ಮ್ಯಾನೇಜರ್ ಮೇಜಿನ ಮೇಲೆ. ಅಲ್ಲಿ ಕಾರ್ಡ್ ಉಜ್ಜಿದರೆ ಅಷ್ಟು ಮೊತ್ತಕ್ಕೆ ಮರದ ಬಿಲ್ಲೆಗಳು ಸಿಗುತ್ತವೆ. ತಾಯಿ ಆ ಬಿಲ್ಲೆಗಳನ್ನು ಹಿಡಿದು ಯಾವ ಮಳಿಗೆಗೆ ಬೇಕಾದರೂ ಹೋಗಿ ತರಕಾರಿ ತರುತ್ತಾಳೆ. ಸಂತೆ ಮುಗಿದ ಮೇಲೆ ರೈತರು ಬಿಲ್ಲೆ ತಂದು ಕೊಡುತ್ತಾರೆ, ಮ್ಯಾನೇಜರ್ ಎಣಿಸಿ, ಬರೆದು, ಹಣ ಸಲ್ಲಿಸುತ್ತಾರೆ. ಒಂದು ಬಿಲ್ಲೆ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಅದೂ ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತವರು ಮಾಡಬೇಕಾದ ಕೆಲಸ.

2018ರ ಜುಲೈನಲ್ಲಿ, ಸಂತೆಗಳು ಜೋರಾಗಿ ನಡೆಯುವ ಹೊತ್ತಿನಲ್ಲೇ, ಈ ಕಾರ್ಡ್ ವ್ಯವಹಾರ ನಡೆಸಿಕೊಡುತ್ತಿದ್ದ ಕಂಪನಿಯೊಂದು ತಿಂಗಳ ಕೊನೆಗೆ ನಿಲ್ಲಿಸುತ್ತೇವೆ ಎಂದಿತು. ಸುಮಾರು 1,700 ಸಂತೆಗಳಿಗೆ ಇದು ತಟ್ಟುತ್ತಿತ್ತು. ಒಬ್ಬ ಮ್ಯಾನೇಜರ್ ಅರ್ಜಿ ಬರೆದರೆ ಯಾರು ಕೇಳುತ್ತಿದ್ದರು? ಆದರೆ ಅಷ್ಟರಲ್ಲಿ ಫಾರ್ಮರ್ಸ್ ಮಾರ್ಕೆಟ್ ಕೊಯಲಿಷನ್ ಅನ್ನುವ ದೇಶಮಟ್ಟದ ಸಂಘ ಇತ್ತು, ಹಲವು ರಾಜ್ಯಗಳಲ್ಲಿ ಸಂಘಗಳಿದ್ದವು. ಎಲ್ಲರೂ ಒಟ್ಟಿಗೆ ದನಿ ಎತ್ತಿದರು, ಸುದ್ದಿ ದೊಡ್ಡ ಪತ್ರಿಕೆಗಳಲ್ಲಿ ಬಂತು, ಹಣ ಹೊಂದಿಸಿ ಗಡುವು ಮುಂದೆ ಹಾಕಿಸಿದರು. ಮಿಷಿಗನ್ ರಾಜ್ಯದ ಸಂಘವಂತೂ ಸಂತೆ ಮ್ಯಾನೇಜರುಗಳಿಗೆಂದೇ ತರಬೇತಿ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಇದೂ ಒಂದು ಕಸುಬು ಅಂತ ಒಪ್ಪಿಕೊಂಡ ಹಾಗಾಯಿತು ಅಲ್ವಾ?

ಈಗ ನಮ್ಮ ಕಡೆಗೆ ಬರೋಣ. ಪಕ್ಕದ ಆಂಧ್ರದಲ್ಲಿ 1999ರ ಜನವರಿ 26ರಂದು ರೈತು ಬಜಾರ್ ಶುರುವಾಯಿತು. ಅದೇ ವರ್ಷ ನವೆಂಬರ್ 14ರಂದು ತಮಿಳುನಾಡಿನ ಮದುರೆಯಲ್ಲಿ ಉಳವರ್ ಸಂದೈ. ರೈತು ಬಜಾರಿನಲ್ಲಿ ಎಸ್ಟೇಟ್ ಆಫೀಸರ್ ಅಂತ ಒಬ್ಬರಿರುತ್ತಾರೆ. ರೈತರ ಸಮಿತಿ ಜೊತೆ ಕೂತು ದಿನದ ಬೆಲೆ ಗೊತ್ತು ಮಾಡುವುದು ಅವರ ಕೆಲಸ. ಸಗಟು ಬೆಲೆಗಿಂತ ಜಾಸ್ತಿ, ಅಂಗಡಿ ಬೆಲೆಗಿಂತ ಕಡಿಮೆ ಇರಬೇಕು. ಸಂತೆ ನಡೆಸುವುದಕ್ಕೆಂದೇ ಒಬ್ಬರನ್ನು ಇಟ್ಟದ್ದು ಒಳ್ಳೆಯ ಹೆಜ್ಜೆ.

ನಮ್ಮ ಹಳ್ಳಿಗಳ ವಾರದ ಸಂತೆಯಲ್ಲಿ ಎಷ್ಟೋ ಕಡೆ ಪಂಚಾಯಿತಿ ಸುಂಕ ವಸೂಲಿಯನ್ನು ಹರಾಜು ಹಾಕುತ್ತದೆ. ಗುತ್ತಿಗೆದಾರ ಬಂದು ಚೀಟಿ ಹರಿದು ದುಡ್ಡು ತೆಗೆದುಕೊಂಡು ಹೋಗುತ್ತಾನೆ. ನೆರಳು, ಕುಡಿಯುವ ನೀರು, ಸೊಪ್ಪು ಮಾರುವ ಹೆಂಗಸರಿಗೆ ಶೌಚಾಲಯ, ಇದನ್ನೆಲ್ಲ ಯಾರನ್ನು ಕೇಳಬೇಕು? ಕೇಳಲು ಒಬ್ಬ ಮನುಷ್ಯ ಇಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ಇನ್ನು ಬೆಂಗಳೂರು, ಮೈಸೂರುಗಳಲ್ಲಿ ಸಾವಯವ ಗುಂಪುಗಳು, ರೈತ ಉತ್ಪಾದಕ ಸಂಸ್ಥೆಗಳು ನಡೆಸುವ ಸಂತೆಗಳಿವೆ. ನಡೆಸುವವರು ಒಳ್ಳೆಯವರು, ಕಷ್ಟಪಡುವವರು. ಆದರೆ ಒಬ್ಬರ ಸಂತೆಗೆ ಇನ್ನೊಬ್ಬರು ಹೋಗಿ ನಿಂತು ನೋಡುವುದು ಅಪರೂಪ. ಎಲ್ಲೋ ಒಂದು ಆತಂಕ, ನಮ್ಮ ರೈತರನ್ನು ಅವರು ಕರೆದುಕೊಂಡು ಹೋದರೆ ಅಂತ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ರೈತರೇ ಇದನ್ನು ದಾಟಿ ತೋರಿಸಿದ್ದಾರೆ. ಸಾವಯವ ದೃಢೀಕರಣಕ್ಕೆ ಪಿಜಿಎಸ್ ಅಂತ ಒಂದು ಪದ್ಧತಿ ಇದೆ. ಅದರಲ್ಲಿ ಕಡಿಮೆ ಎಂದರೆ ಐದು ಜನ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡಿ, ಪ್ರಶ್ನೆ ಕೇಳಿ, ಸರಿಯಿದೆ ಅಂತ ಒಪ್ಪಬೇಕು. ಹೊಲದಲ್ಲಿ ಆಗುವುದು ಸಂತೆಯಲ್ಲಿ ಯಾಕೆ ಆಗಬಾರದು?

ಸಂತೆ ನಡೆಸುವವರು ಯಾರಾದರೂ ಈಗ ಕೇಳುತ್ತಿದ್ದರೆ ನನ್ನದೊಂದು ಕೋರಿಕೆ. ಹತ್ತಿರದ ಐದು ಸಂತೆಯವರು ಸೇರಿ ಒಂದು ಗುಂಪಾಗಿ. ತಿಂಗಳಿಗೆ ಒಂದು ಸಂತೆಯಂತೆ ಸರದಿ ಹಾಕಿಕೊಳ್ಳಿ. ಹೋಗುವ ಮುಂಚೆ ಫೋನ್ ಮಾಡಿ ತಿಳಿಸಿ, ಸುಮ್ನೆ ಹೋಗಿ ನಿಲ್ಲಬೇಡಿ. ಗಂಟೆಗೆ ಹತ್ತು ನಿಮಿಷ ಜನರನ್ನು ಎಣಿಸಿ. ಎರಡು ಡ್ರಾಯಿಂಗ್ ಹಾಳೆ, ನಾಲ್ಕು ಪಟ್ಟಿ ಸ್ಟಿಕರ್ ಸಾಕು. ಕಂಡದ್ದನ್ನು ಬರೆದು ನಡೆಸುವವರ ಕೈಗೆ ಕೊಡಿ, ಮೊದಲು ಚೆನ್ನಾಗಿರುವುದನ್ನು ಬರೆಯಿರಿ. ಮಳಿಗೆ ಸುಂಕ ಎಷ್ಟು, ತೋಟ ಪರಿಶೀಲನೆ ಹೇಗೆ, ಹೊರಗಿನ ಮಾಲು ತಂದವರಿಗೆ ಏನು ಹೇಳುತ್ತೀರಿ, ಮುಚ್ಚುಮರೆಯಿಲ್ಲದೆ ಕೇಳಿ, ಹೇಳಿ. ಜೊತೆಗೆ ಒಂದು ನೋಟ್ ಪುಸ್ತಕ ಇಡಿ. ರೈತರ ಫೋನ್ ನಂಬರು, ಅವರ ಬೆಳೆ, ತರುವ ತಿಂಗಳು, ನೀರು ನಿಲ್ಲುವ ಮೂಲೆ, ಎಲ್ಲ ಅದರಲ್ಲಿರಲಿ. ನಾಳೆ ನೀವು ಬಿಟ್ಟರೂ ನಿಮ್ಮ ಜಾಗಕ್ಕೆ ಬಂದವರು ಆ ಪುಸ್ತಕ ತೆರೆದು ಸೋಮವಾರವೇ ರೈತರಿಗೆ ಫೋನ್ ಮಾಡಲು ಶುರು ಮಾಡಬಹುದು.

ನಮಸ್ಕಾರ.