ಎಲ್ಲಿ ಕೂತು ಲಾಗಿನ್ ಆಗುತ್ತೀರಿ?

ಅಕ್ಕಂದಿರೇ, ಅಣ್ಣಂದಿರೇ, ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳಲ್ಲಿ ಐಟಿ ಕಂಪನಿಗಳಿರುವ ಹಿಂಜವಡಿಗೋ ಖರಾಡಿಗೋ ಕೆಲಸಕ್ಕೆ ಹೋಗುವವರು ಒಬ್ಬರಾದರೂ ಇರುತ್ತಾರೆ, ಅಲ್ವಾ? ಹಾಗಾಗಿ ಡೇಟಾ ಕಾನೂನು ಅಂದರೆ ವಕೀಲರ ವಿಷಯ ಅಂತ ಬಿಟ್ಟುಬಿಡಬೇಡಿ. ನೀವು ಯಾವ ಊರಲ್ಲಿ ಸಂಸಾರ ಮಾಡಬೇಕು ಅನ್ನುವುದನ್ನು ಅದು ತೀರ್ಮಾನಿಸಬಹುದು.

ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಡೇಟಾ ಹೊರದೇಶಕ್ಕೆ ಹೋಗುವುದು ಅಂದರೆ ಫೈಲ್ ಕಳಿಸುವುದು ಮಾತ್ರ ಅಲ್ಲ. ಸರ್ವರ್ ಫ್ರಾಂಕ್‌ಫರ್ಟ್‌ನಲ್ಲೇ ಇರಲಿ. ಇಲ್ಲಿನ ಕಂಪನಿಯ ಹುಡುಗಿಯೊಬ್ಬಳು ಖರಾಡಿಯಲ್ಲಿ ಕೂತು, ಅಲ್ಲಿನ ಗ್ರಾಹಕರ ಹೆಸರು, ವಿಳಾಸ ಇರುವ ಟಿಕೆಟ್ (ಕಂಪ್ಯೂಟರಿನಲ್ಲಿ ದಾಖಲಾದ ದೂರು) ತೆರೆದು ನೋಡಿದರೂ ಡೇಟಾ ಗಡಿ ದಾಟಿತು ಅಂತಲೇ ಲೆಕ್ಕ. 2025ರ ಮೇ ತಿಂಗಳಲ್ಲಿ ಐರ್ಲೆಂಡಿನ ಡೇಟಾ ಆಯೋಗ ಟಿಕ್‌ಟಾಕ್‌ಗೆ 53 ಕೋಟಿ ಯೂರೋ ದಂಡ ಹಾಕಿತು. ಚೀನಾದಲ್ಲಿ ಕೂತ ಸಿಬ್ಬಂದಿ ಯುರೋಪಿನವರ ಡೇಟಾ ನೋಡುತ್ತಿದ್ದುದೇ ಅದರ ಮುಖ್ಯ ಕಾರಣ.

ಭಾರತದಿಂದ ನೋಡಲೇಬಾರದು ಅಂತ ಕಾನೂನು ಹೇಳಿಲ್ಲ. ಯುರೋಪ್ 2021ರಲ್ಲಿ ಸಿದ್ಧಪಡಿಸಿದ ಕರಾರಿನ ಷರತ್ತುಗಳಿಗೆ ಸಹಿ ಹಾಕಿ, ಅಪಾಯದ ಲೆಕ್ಕಾಚಾರ ಬರೆದಿಟ್ಟು ಕೆಲಸ ಮಾಡಬಹುದು. ಆದರೆ ಈ ತಲೆನೋವೇ ಬೇಡ ಅನ್ನುವ ಕ್ಲೈಂಟ್ ಕರಾರಿಗೆ ಒಂದು ಸಾಲು ಸೇರಿಸುತ್ತಾನೆ: ಯುರೋಪಿನೊಳಗಿಂದ ಮಾತ್ರ ಆಕ್ಸೆಸ್. ಮನೆ ಸಾಮಾನು ಕಟ್ಟಿಸುವುದು ಈ ಸಾಲು.

ಅಮೆರಿಕದ ನಿಯಮ ಇನ್ನೂ ನೇರ. 2025ರ ಏಪ್ರಿಲ್ 8ರಿಂದ ಚೀನಾ, ರಷ್ಯಾ, ಇರಾನ್ ಸೇರಿ ಆರು ದೇಶಗಳಿಗೆ ಅಮೆರಿಕದವರ ಸೂಕ್ಷ್ಮ ಡೇಟಾ ಸಿಗುವುದಕ್ಕೆ ಕಡಿವಾಣ ಇದೆ. ಭಾರತ ಆ ಪಟ್ಟಿಯಲ್ಲಿಲ್ಲ. ಆದರೂ ಶಾಂಘೈನಲ್ಲಿ ಸಂಸಾರ ಹೂಡಿರುವ ಪುಣೆಯವರಿಗೆ ಇದು ತಾಗುತ್ತದೆ. ಪಾಸ್‌ಪೋರ್ಟ್ ನಮ್ಮದಾದರೂ ವಾಸ ಅಲ್ಲಿದೆಯಲ್ಲ. ಅಮೆರಿಕದವರ ಆರೋಗ್ಯ, ಹಣಕಾಸಿನಂಥ ಡೇಟಾ ದೊಡ್ಡ ಪ್ರಮಾಣದಲ್ಲಿ ಅವರ ಕೈಗೆ ಸಿಗುವ ಕೆಲಸವಾದರೆ, ಕಂಪನಿ ಕಟ್ಟುನಿಟ್ಟಿನ ಭದ್ರತೆ ಮಾಡಬೇಕು. ಇಲ್ಲವೇ ಅವರನ್ನು ಬೇರೆ ದೇಶಕ್ಕೆ ಕಳಿಸಬೇಕು.

ಹೋಗುವುದೇನೋ ಸರಿ, ಮನೆಯವರ ಪಾಡೇನು? ಹೆಂಡತಿ ಇಲ್ಲಿ ಬ್ಯಾಂಕಿನಲ್ಲಿದ್ದಾಳೆ. ಮಗ ಹತ್ತನೇ ಕ್ಲಾಸು. ಅಪ್ಪ-ಅಮ್ಮ ಹುಬ್ಬಳ್ಳಿಯಲ್ಲಿ. ಪುಣೆಯಿಂದಾದರೆ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಊರು. ಮ್ಯೂನಿಕ್‌ನಲ್ಲಿರುವ ನನ್ನ ಪರಿಚಯದವರೊಬ್ಬರು ತಾಯಿಯ ಆಪರೇಷನ್ ಅಂತ ವಿಜಯಪುರಕ್ಕೆ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಲಾಗಿನ್ ಬ್ಲಾಕ್. ರಜೆ ಮುಗಿಯಿತು, ಹೊಲಿಗೆ ಬಿಚ್ಚುವ ಮೊದಲೇ ಹೊರಟರು. ಅವರ ತಮ್ಮ ಪುಣೆಯಲ್ಲಿ ಇದ್ದದ್ದಕ್ಕೆ ತಾಯಿಗೆ ಆಸರೆಯಾಯಿತು. ಎಲ್ಲರಿಗೂ ಅಂಥ ತಮ್ಮ ಇರುವುದಿಲ್ಲ.

ಜನರ ಖಾಸಗಿ ಮಾಹಿತಿಗೆ ರಕ್ಷಣೆ ಬೇಕೇ ಬೇಕು. ನನ್ನ ಮಾಹಿತಿಗೂ ಬೇಕು. ಆದರೆ ಎಷ್ಟೋ ಬಗ್, ಅಂದರೆ ಸಾಫ್ಟ್‌ವೇರ್ ದೋಷ, ಸರಿ ಮಾಡಲು ಗ್ರಾಹಕನ ನಿಜವಾದ ಹೆಸರೇ ಬೇಕಾಗಿಲ್ಲ. ಹೆಸರು, ನಂಬರ್ ಮರೆಮಾಡಿದ ಡೇಟಾ ಸಾಕು. ಮನುಷ್ಯರನ್ನು ಎತ್ತಂಗಡಿ ಮಾಡುವ ಮೊದಲು ಕಂಪನಿಗಳು ಇದನ್ನು ಮಾಡಿ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಮನೆಗೂ ಇಂಥ ಮಾತು ಬಂದರೆ, ಹೂಂ ಅನ್ನುವ ಮೊದಲು ಕೇಳಿ: ಇದು ಕಾನೂನಿನ ಮಾತೋ, ಕ್ಲೈಂಟ್ ಹಾಕಿದ ಷರತ್ತೋ? ಷರತ್ತಾದರೆ ಮತ್ತೆ ಮಾತಾಡಲು ಜಾಗ ಇದೆ. ಊರಿಗೆ ಬಂದಾಗ ಡೇಟಾ ಮುಟ್ಟದ ಬೇರೆ ಕೆಲಸ ಕೊಡುತ್ತಾರಾ? ಪ್ರಾಜೆಕ್ಟ್ ಮುಗಿದ ಮೇಲೆ ಪುಣೆಯಲ್ಲಿ ಕೆಲಸ ಉಳಿದಿರುತ್ತದಾ? ಉತ್ತರವನ್ನು ಈಮೇಲ್‌ನಲ್ಲಿ ತರಿಸಿಕೊಳ್ಳಿ. ಮಕ್ಕಳ ಶಾಲೆಯಿಂದ ಟಿಸಿ ತೆಗೆಸುವುದು ಅದಾದ ಮೇಲೆ.